ಒಂಟೆಯ ಡಬ್ಬಿ

"ಮುದುಕಿಗೆ ಅನುಮಾನ ಬಂದಿದೆ," ಎನ್ನುತ್ತ ಮೇಷ್ಟ್ರು ಕಾಗದ ಮಡಚಿದರು.

ಕಂದಕದಲ್ಲಿ ಕೂತಿದ್ದ ಆರು ಜನರ ದವಡೆಗಳೂ ನಿಂತವು. ಎಲ್ಲರ ಬಾಯಲ್ಲೂ ಅವಳೇ ಕಳಿಸಿದ ಬಿಸ್ಕತ್ತು.

ಮುದುಕಿ ಎಂದರೆ ಒಂಟೆಯ ಅಮ್ಮ. ಒಂಟೆ ಎಂದರೆ ಅದೇ ದಳದ ಸಿಪಾಯಿ, ಆರಡಿ ಮೂರಂಗುಲದ ಆಳು. ಬದುಕಿದ್ದಾಗ ಎಲ್ಲರನ್ನೂ ನಗಿಸುತ್ತಿದ್ದ. "ಒಂದು ಮನೆಗೆ ಒಂದೇ ಹೆಣ ಅಂತ ಸರ್ಕಾರದ ರೂಲು. ನಾನು ಹೋದ್ರೆ ಉಳಿದವರನ್ನ ಯುದ್ಧಕ್ಕೆ ಎಳೆಯೋ ಹಾಗಿಲ್ಲ. ನಮ್ಮನೇಲಿ ನನಗಿಂತ ನನ್ನ ಸಾವಿಗೇ ಬೆಲೆ ಜಾಸ್ತಿ ಕಣ್ರೋ!" ಕಂದಕ ತೋಡಿದವರು ಅಷ್ಟು ಎತ್ತರದವನೊಬ್ಬ ಬರುತ್ತಾನೆಂದು ಎಣಿಸಿರಲಿಲ್ಲ. ನಾಲ್ಕು ತಿಂಗಳ ಹಿಂದೆ, ಶತ್ರುವಿನ ಗುಂಡು ಹಾಯುವ ತಿರುವಿನಲ್ಲಿ ತಲೆ ತಗ್ಗಿಸುವುದನ್ನು ಮರೆತ, ಅಷ್ಟೇ.

ಅವನನ್ನು ಹೂತು ಬಂದ ದಿನವೇ ಅಂಚೆಯಲ್ಲಿ ಡಬ್ಬಿ ಬಂತು. ಸತ್ತವನ ಬುತ್ತಿ ಬದುಕಿದವರ ಪಾಲು ಎನ್ನುವುದು ದಳದ ಪದ್ಧತಿ. ತಿಂದರು. ಅಂಚು ಕೊಂಚ ಸೀದ, ಉಪ್ಪು ಒಂದು ಚಿಟಿಕೆ ಹೆಚ್ಚಾದ ಬಿಸ್ಕತ್ತು. ಒಣಬ್ರೆಡ್ಡು ಕಡಿದು ಕಡಿದು ಸೋತ ಬಾಯಿಗೆ ಅದೇ ಅಮೃತ. ಡಬ್ಬಿಯ ತಳ ಕಂಡಾಗ ಹವಾಲ್ದಾರ ಹೇಳಿದ:

"ಸತ್ತ ಅಂತ ಮೇಲಕ್ಕೆ ಬರೆದ್ರೆ ಡಬ್ಬಿ ನಿಲ್ಲುತ್ತೆ. ಬರೀದಿದ್ರೆ ಯಾರಿಗೇನು ನಷ್ಟ?"

ಯಾರಿಗೂ ಇಲ್ಲ ಎನಿಸಿತು. ತಲೆ ಎಣಿಸುವಾಗ ಹವಾಲ್ದಾರ ಒಂಟೆಯನ್ನೂ ಸೇರಿಸಿಕೊಂಡ. ಶಾಲೆ ಬಿಟ್ಟು ಬಂದೂಕು ಹಿಡಿದಿದ್ದ ಮೇಷ್ಟ್ರು ಅವನ ಹೆಸರಿನಲ್ಲಿ ಕಾಗದ ಬರೆದರು: ಬಲಗೈಗೆ ಗಾಯ, ಗೆಳೆಯ ಬರೆಯುತ್ತಿದ್ದಾನೆ, ನಾನು ಕ್ಷೇಮ, ಬಿಸ್ಕತ್ತು ಕಳಿಸು. ಮೊದಲ ಸಲ 'ನಿನ್ನ ಮಗ' ಎನ್ನುವುದನ್ನು ಎರಡು ಸಲ ಹೊಡೆದುಹಾಕಿ ಬರೆದಿದ್ದರು. ಐದನೆಯ ಸಲಕ್ಕೆ ಅಕ್ಷರ ಮುತ್ತು ಪೋಣಿಸಿದಂತಿತ್ತು.

"ಅದೇನು ಬರೆದಿದ್ದಾಳೆ, ಓದಿ ಮೇಷ್ಟ್ರೇ," ಎಂದ ಅಡುಗೆಯವ.

"'ಮುಂದಿನ ಡಬ್ಬಿ ಅಂಚೇಲಿ ಬರಲ್ಲ. ನಿನ್ನ ಮುಖ ಬಲ್ಲವರೇ ತಂದು ನಿನ್ನ ಕೈಗೆ ಕೊಡ್ತಾರೆ. ಯಾರು ಅಂತ ಬರೆಯೋಕೆ ಕೈ ಬರ್ತಿಲ್ಲ. ನೋಡಿದಾಗ ನಿನಗೇ ಗೊತ್ತಾಗುತ್ತೆ.'"

"ಯಾವನೋ ದೊಡ್ಡ ಅಧಿಕಾರಿನ ಹಿಡಿದಿದ್ದಾಳೆ. ನಮ್ಮ ಕಥೆ ಮುಗೀತು!" ಎಂದ ಅಡುಗೆಯವ.

"ಬಂದವರಿಗೆ ನಿನ್ನೆ ತಾನೇ ಸತ್ತ ಅನ್ನೋಣ," ಎಂದ ಹವಾಲ್ದಾರ. "ಇಲ್ಲಿ ಸಾವಿಗೇನು ಬರಗಾಲವೇ?"

ಮೇಷ್ಟ್ರಿಗೆ ಧೈರ್ಯ ಬರಲಿಲ್ಲ. ಸುಳ್ಳು ಬರೆದ ಕೈ ಅವರದು. ಸಿಕ್ಕಿಬಿದ್ದರೆ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಾರೆ. ಎಂಟು ದಿನ, ಹೊಸ ಬೂಟಿನ ಸದ್ದು ಕೇಳಿದಾಗಲೆಲ್ಲ ತಿರುವಿನತ್ತ ತಿರುಗಿ ನೋಡಿದರು. ಯಾವ ಅಧಿಕಾರಿಯೂ ಬರಲಿಲ್ಲ.

ಒಂಬತ್ತನೆಯ ದಿನ ಬಂದವರು ಐವರು ಹೊಸ ಸಿಪಾಯಿಗಳು. ಅವರಲ್ಲೊಬ್ಬ ತಿರುವಿನಲ್ಲೇ ಉಳಿದ. ಅಲ್ಲಿ ತಲೆ ತಗ್ಗಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಹೆಸರೇನಪ್ಪಾ ಇವನದು?" ಮೇಷ್ಟ್ರು ಉಳಿದವರನ್ನು ಕೇಳಿದರು.

"ಗೊತ್ತಿಲ್ಲ ಸಾರ್. ಬೆಳಿಗ್ಗೆ ಲಾರೀಲಿ ಸಿಕ್ಕಿದ. ದಾರಿಯುದ್ದಕ್ಕೂ ಬ್ಯಾಗು ತಬ್ಬಿಕೊಂಡೇ ಕೂತಿದ್ದ."

ಮುಖ ಉಳಿದಿರಲಿಲ್ಲ. ಹೊದಿಸಿದ ಕಂಬಳಿ ಸಾಲದೆ ಎರಡೂ ಪಾದ ಹೊರಗೇ ಇದ್ದವು. ಹವಾಲ್ದಾರ ಬ್ಯಾಗು ಬಿಚ್ಚಿದ. ಟವಲಿನಲ್ಲಿ ಸುತ್ತಿದ ಒಂದು ಡಬ್ಬಿ. ಪದ್ಧತಿ ಪದ್ಧತಿಯೇ, ಕೈಗಳು ಮುನ್ನುಗ್ಗಿದವು.

ಮೇಷ್ಟ್ರು ಒಂದು ತೆಗೆದು ಕಚ್ಚಿದರು. ಅಂಚು ಕೊಂಚ ಸೀದಿತ್ತು. ಉಪ್ಪು ಒಂದು ಚಿಟಿಕೆ ಹೆಚ್ಚು.

ಡಬ್ಬಿ ಕಸಿದುಕೊಂಡು ಬೋರಲು ಹಾಕಿದರು. ತಳದಿಂದ ಮಡಚಿದ ಕಾಗದ ಬಿತ್ತು.

"ಮಗೂ, ನಿನ್ನ ತಮ್ಮನಿಗೂ ಕರೆ ಬಂತು. ಅಣ್ಣ ಸತ್ತಿದ್ರೆ ಇವನನ್ನ ಬಿಡ್ತೀವಿ ಅಂದ್ರು. ಬಿಡ್ತು ಅನ್ನಿ, ನನ್ನ ಮಗ ಕಲ್ಲುಗುಂಡಿನ ಹಾಗಿದ್ದಾನೆ ಅಂತ ನಿನ್ನ ಐದೂ ಕಾಗದ ತೋರಿಸಿದೆ. ಕೈಮುಗಿದು ಬೇಡ್ಕೊಂಡು ಅವನನ್ನ ನಿನ್ನ ದಳಕ್ಕೇ ಹಾಕಿಸಿದ್ದೀನಿ. ಡಬ್ಬೀನೂ ಅವನ ಕೈಲೇ ಕಳಿಸಿದ್ದೀನಿ, ಇಬ್ಬರೂ ಹಂಚ್ಕೊಂಡು ತಿನ್ನಿ."