ಮೊದಲ ಯಂತ್ರ

ಕೊರಿಯಾದ ಬಂದರು ಊರೊಂದರ ತಗಡಿನ ಶೆಡ್ಡಿನಲ್ಲಿ ಅಜ್ಜ ಶುರು ಮಾಡಿದ ಕಂಪನಿ ಮಗನ ಕಾಲಕ್ಕೆ ನಲವತ್ತು ಕಂಪನಿಗಳಾಗಿ ಬೆಳೆದಿತ್ತು. ಮೊಮ್ಮಗ ಕುರ್ಚಿಗೆ ಬಂದವನೇ ಹೊರೆ ಎನಿಸಿದ್ದನ್ನೆಲ್ಲ ಮುಚ್ಚಿಸಿದ. ಹಾಗೆ ಕೆಲಸ ಕಳೆದುಕೊಂಡ ಕೊನೆಯ ತಂಡವನ್ನು ಬೀಳ್ಕೊಡುಗೆ ಎಂದು ಬಸ್ಸು ಹತ್ತಿಸಿ ಕಂಪನಿಯ ಮ್ಯೂಸಿಯಮ್ಮಿಗೆ ಕರೆತಂದರು. ಅವರಲ್ಲಿ ಶೆಡ್ಡಿನ ಕಾಲದಿಂದಲೂ ಇದ್ದ ಮುದುಕನೊಬ್ಬ, ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ, ತಗಡು ಕತ್ತರಿಸುವ ಹಳೆಯ ಯಂತ್ರದ ಮುಂದೆ ನಿಂತುಬಿಟ್ಟ.

"ಒಂದ್ಸಲ ಮುಟ್ಲಾ ಮಗಳೇ?"

"ಮುಟ್ಟೋ ಹಾಗಿಲ್ಲ ಅಜ್ಜ," ಎಂದಳು ವಿವರಣೆ ಕೊಡುತ್ತಿದ್ದ ಹುಡುಗಿ. "ಇದು ನಮ್ಮ ಸಂಸ್ಥಾಪಕರು ಕೈಯಾರೆ ನಡೆಸಿದ ಮೊದಲ ಯಂತ್ರ."

"ಇದರ ಬ್ಲೇಡು ಹೇಳದೆ ಕೇಳದೆ ಬೀಳ್ತಿತ್ತು."

"ನಿಮಗೂ ಗೊತ್ತಾ ಆ ಕಥೆ?" ಹುಡುಗಿಯ ಮುಖ ಅರಳಿತು. "ಎರಡು ಬೆರಳು ತುಂಡಾಗಿ ಬಿದ್ರೂ ನಮ್ಮ ಯಜಮಾನ್ರು ಕೈಗೆ ಬಟ್ಟೆ ಸುತ್ಕೊಂಡು, ಅವತ್ತಿನ ಆರ್ಡರ್ ಮುಗಿಸಿಯೇ ಮನೆಗೆ ಹೋದ್ರಂತೆ. ಆ ರಕ್ತದ ಮೇಲೆ ನಿಂತಿದೆ ಈ ಕಂಪನಿ. ಎಲ್ಲರೂ ಒಂದ್ಸಲ ಜೋರಾಗಿ ಚಪ್ಪಾಳೆ ತಟ್ಟಿ!"

ತಟ್ಟದಿದ್ದರೆ ಚೆನ್ನಾಗಿರುವುದಿಲ್ಲವೆಂದು ಮುದುಕ ಜೇಬಿನಿಂದ ಬಲಗೈ ತೆಗೆದ. ಅದರಲ್ಲಿ ಇದ್ದದ್ದು ಮೂರೇ ಬೆರಳು.