ಆಟದ ನಡುವಿನ ಆಹೇರಿ

ಇಳಕಲ್ ಸೀರೆಯನ್ನು ಎದೆಗವಚಿಕೊಂಡು ಶಂಕರೆಪ್ಪ ರಂಗದ ಮೆಟ್ಟಿಲು ಹತ್ತಿದಾಗ ಅವನ ಮಗಳು ನೀಲಾ ಮಾತು ನಿಲ್ಲಿಸಿ ಸುಮ್ಮನೆ ನಿಂತಿದ್ದಳು. ಬೈಲಹೊಂಗಲದ ಜನರೆದುರು ಅವಳೊಬ್ಬಳೇ ಆಡುವ ನಾಟಕ. ಹೆಸರು ಮಾಡಲು ಹಟ ತೊಟ್ಟ ಒಬ್ಬ ಬಡ ನಟಿಯ ಕಥೆ. ಅರ್ಧ ಆಟ ಮುಗಿದರೂ ಒಬ್ಬನೂ ಎದ್ದು ಉಡುಗೊರೆ ಕೊಟ್ಟು ಆಹೇರಿ ಮಾಡಿರಲಿಲ್ಲ. ಈ ಮೌನ ಆಹೇರಿಗೆಂದೇ ಬಿಟ್ಟದ್ದು ಎಂದುಕೊಂಡ ಶಂಕರೆಪ್ಪ, ಊರವರು ಕೊಡದಿದ್ದರೇನು, ನಾನಿಲ್ಲವೇ ಎಂದು ಎದ್ದಿದ್ದ. ಕಂಪನಿ ನಾಟಕದ ಕಾಲದಲ್ಲಿ ನಟನಾಗಿದ್ದ ಅವನು ಖಳನ ಕತ್ತಿಗೆ ಸತ್ತು ಬಿದ್ದಿದ್ದರೂ, ಯಾರಾದರೂ ಶಾಲು ಹಿಡಿದು ಬಂದರೆ ಎದ್ದು, ಕೈಮುಗಿದು, ಹೊದ್ದುಕೊಂಡು ಮತ್ತೆ ಸಾಯುತ್ತಿದ್ದ.

“ತಗೋ ಮಗಳ,” ಎಂದು ಸೀರೆ ಚಾಚಿದ.

ನೀಲಾ ಅವನನ್ನು ದಿಟ್ಟಿಸಿದಳು. ಮಗಳ ನೋಟವಲ್ಲ ಅದು, ಆ ನಟಿಯ ನೋಟ. “ಈಗ ಬ್ಯಾಡ್ರಿ, ಹಿರಿಯರ. ನಾ ಇನ್ನೂ ಹೆಸರು ಮಾಡಿಲ್ಲ. ಮಾಡೂದನ್ನ ಕುಂತು ನೋಡ್ರಿ,” ಎಂದು ಅವನ ಕುರ್ಚಿ ತೋರಿಸಿದಳು.

ಶಂಕರೆಪ್ಪ ತಿರುಗಿದ. ಒಂದು ಕಾಲಕ್ಕೆ ಅವನ ಮೇಲಿಂದ ಕಣ್ಣು ಕೀಳದಿದ್ದ ಜನ ಈಗ ಅವನ ಹೆಗಲಾಚೆಗೆ ಅವಳನ್ನೇ ನೋಡುತ್ತಿದ್ದರು. ಇಳಿದು ಬಂದು ಕೂತ. ಕಂಪನಿಯಲ್ಲಿ ಪೇಟಿ ನುಡಿಸುತ್ತಿದ್ದ ಹಳೆಯ ಗೆಳೆಯ ಮೌಲಾಸಾಬ ಪಕ್ಕದಿಂದ ಪಿಸುಗುಟ್ಟಿದ, “ತಗೊಳ್ಳಿಲ್ಲೇನೋ?”

ಶಂಕರೆಪ್ಪ ಸೀರೆಯನ್ನು ತೊಡೆಯ ಮೇಲಿಟ್ಟು ಮೀಸೆ ತಿರುವಿದ.

“ನಾವು ಸತ್ತಾಗೂ ಎದ್ದು ತಗೋತಿದ್ವಿ, ಮೌಲಾ. ನನ್ನ ಮಗಳು ಜೀವಂತ ನಿಂತು ತಗೊಳ್ಳಿಲ್ಲ ನೋಡು!”