ಲೋಳೆಸರದ ಬಣ್ಣ

ರೇಡಿಯೇಷನ್‌ಗೆ ಸುಟ್ಟ ಅಮ್ಮನ ಎದೆಯನ್ನು ಒರೆಸಿದಾಗ ಬಿಳಿ ಬಟ್ಟೆಗೆ ಹಸಿರು ಅಂಟಿತು. ಮಗಳ ಕೈ ಅಲ್ಲೇ ನಿಂತಿತು.

“ನಿಮ್ಮ ಫ್ಯಾಕ್ಟರಿದೇ ಲೋಳೆಸರದ ಜೆಲ್ ಕಣೇ. ಅಂಗಡಿಯವನ ಹತ್ರ ಹಟ ಹಿಡಿದು ತರಿಸ್ಕೊಂಡೆ,” ಎಂದಳು ಅಮ್ಮ.

ಆ ಹಸಿರನ್ನು ದಿನಾ ಡ್ರಮ್ಮಿಗೆ ಸುರಿಯುವವಳು ಮಗಳೇ. ನೀರು, ಅಂಟು, ಬಣ್ಣ, ಸೆಂಟು. ಲೋಳೆಸರ ಇರುವುದು ಬಾಟಲಿಯ ಚಿತ್ರದಲ್ಲಿ ಮಾತ್ರ. “ಇದು ಬೇಡಮ್ಮ. ಕುಂಡದಲ್ಲಿರೋ ಗಿಡದ್ದೇ ಹಚ್ತೀನಿ,” ಎಂದು ಚಾಕುವಿಗಾಗಿ ಎದ್ದಳು.

“ಅದೆಲ್ಲಿದೆ? ಎಲೆ ಸೀಳಿ ನೋಡಿದ್ರೆ ಒಳಗೆ ನೀರಿನ ಹಾಗಿತ್ತು, ಬಣ್ಣಾನೇ ಇಲ್ಲ! ನಕಲಿ ಜಾತಿ ಅಂತ ಬೇರುಸಮೇತ ಕಿತ್ತು ಬಿಸಾಕ್ದೆ. ನೀನು ಮಾಡಿದ್ದೇ ಹಚ್ಚು, ಉರಿ ತಡೆಯೋಕಾಗ್ತಿಲ್ಲ.”

ಮಗಳು ಬಾಟಲಿ ಒತ್ತಿ ಹಸಿರು ಜೆಲ್ ಹಚ್ಚಿದಳು.

“ಹಾಂ, ಈಗ ತಂಪಾಯ್ತು ನೋಡು,” ಎಂದಳು ಅಮ್ಮ, ಹಲ್ಲು ಕಚ್ಚಿಕೊಂಡು.